ಸರಸಮ್ಮ ತೊಳೆದ ಕನ್ನಡಿ

ಚಂದ್ರನೇ ಇಳಿದು ಬಂದು ಬಾಗಿಲು ತಟ್ಟಿದರೂ ಸರಸಮ್ಮ ಕಾಲು ತೊಳೆಸದೆ ಒಳಗೆ ಬಿಡುವವಳಲ್ಲ ಅಂತ ಅಕ್ಕೂರಿನ ನೆರೆಹೊರೆಯವರು ಹೇಳುತ್ತಿದ್ದರು. ಹೇಳುವಾಗ ನಗುತ್ತಿದ್ದರು, ನಿಜ. ಆದರೆ ಅವಳ ಮನೆ ಮೆಟ್ಟಿಲು ಹತ್ತುವ ಮುಂಚೆ ತಮ್ಮ ಕಾಲನ್ನು ಒಂದು ಸಲ ಬಗ್ಗಿ ನೋಡಿಕೊಳ್ಳುತ್ತಿದ್ದರು. ಎದುರು ಮನೆಯ ಮಾರಕ್ಕನದು ಎಲ್ಲರಿಗಿಂತ ಒಂದು ಕೈ ಮೇಲೆ. "ಅವ್ಳ ಮನೆಗೆ ನೊಣ ಬಂದ್ರೂ ಬ್ಲೀಚಿಂಗ್ ಪುಡಿ ಘಾಟಿಗೆ ಸೀನ್ಕೊಂಡು ವಾಪಸ್ ಹೋಯ್ತದೆ ಕಣವ್ವ" ಅನ್ನುವಳು.

ಸರಸಮ್ಮನ ಕಸುಬು ರೇಷ್ಮೆ. ರೇಷ್ಮೆಹುಳು ಅಂದರೆ ಬಾಣಂತಿ ಮನೆಯ ಕೂಸಿದ್ದ ಹಾಗೆ. ಹೊರಗಿನ ಧೂಳು, ಸೋಂಕು, ಒಗ್ಗರಣೆ ಹೊಗೆ, ಯಾವುದನ್ನೂ ತಡೆಯುವುದಿಲ್ಲ. ಮನೆಯ ಹಿಂದುಗಡೆ ಹಂಚಿನ ಹುಳುಮನೆ, ಅದರ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ತಟ್ಟೆ. ಅದರಲ್ಲಿ ಕಾಲು ಅದ್ದದೆ ಒಳಗೆ ಹೋದವರಿಲ್ಲ. ಒಂದು ಬೆಳೆ ಮುಗಿದು, ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋದ ಮೇಲೆ, ಮುಂದಿನ ಬೆಳೆಗೆ ಮುಂಚೆ ಒಳಗಿನ ಸಾಮಾನೆಲ್ಲ ಅಂಗಳಕ್ಕೆ ಬರಬೇಕು. ತಟ್ಟೆ, ಬಲೆ, ಸೊಪ್ಪು ಕೊಚ್ಚುವ ಮಣೆ, ಎಲ್ಲ ಬ್ಲೀಚಿಂಗ್ ಪುಡಿ ಸುಣ್ಣ ಕಲಸಿದ ನೀರಿನಲ್ಲಿ ಮುಳುಗಿ ಎದ್ದು ಬಿಸಿಲು ಕಾಯಬೇಕು. ತೊಳೆಯದ ಒಂದು ಕಡ್ಡಿಯೂ ವಾಪಸು ಒಳಗೆ ಹೋಗಬಾರದು. ಇದು ಸರಸಮ್ಮನ ಕಾನೂನು. ಊರಿಗೆಲ್ಲ ಸಪ್ಪೆರೋಗ ಬಡಿದು ಹುಳು ಸತ್ತ ವರ್ಷ ಕೂಡ ಅವಳ ಬೆಳೆ ಎದ್ದು ನಿಂತದ್ದು ಈ ಕಾನೂನಿನಿಂದಲೇ.

ಮಗಳು ರಮ್ಯಾಳನ್ನು ನೋಡುವುದಕ್ಕೆ ಕನಕಪುರದ ಕಡೆಯಿಂದ ಗಂಡಿನವರು ಬಂದಿದ್ದಾಗ ನಡೆದದ್ದನ್ನು ಊರಿನವರು ಈಗಲೂ ಹೇಳುತ್ತಾರೆ. ಉಪ್ಪಿಟ್ಟು ಕಾಫಿ ಆದ ಮೇಲೆ ಗಂಡಿನ ಅಪ್ಪ "ಒಸಿ ಹುಳ ನೋಡಣ" ಅಂತ ಹಿಂದುಗಡೆಗೆ ಹೊರಟ. ಸರಸಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಕಾಲು ಅದ್ದಿ ಬರ್ರಿ ಬೀಗ್ರೇ."

"ಈಗಷ್ಟೇ ತೊಳ್ಕಂಡು ಒಳಕ್ಕೆ ಬಂದ್ವಲ್ಲಮ್ಮ."

"ಅದು ನಮ್ಮ ಮನೆಗೆ. ಇದು ಅವುಗಳ ಮನೆ."

ಜರಿಯಂಚಿನ ಪಂಚೆ ಮೊಳಕಾಲಿಗೆ ಎತ್ತಿಕೊಂಡು ಗಂಡಿನವರು ಒಬ್ಬೊಬ್ಬರಾಗಿ ತಟ್ಟೆಯಲ್ಲಿ ನಿಂತರು. "ಹೆಣ್ಣು ನೋಡಕ್ಕೆ ಬಂದ್ವೋ, ದನದ ಆಸ್ಪತ್ರೆಗೆ ಬಂದ್ವೋ" ಅಂತ ಒಬ್ಬ ಗೊಣಗಿದ. ಆದರೂ ಸಂಬಂಧ ಕುದುರಿತು. ಹುಳುವನ್ನು ಹೀಗೆ ನೋಡಿಕೊಳ್ಳುವವಳು ಮಗಳನ್ನು ಇನ್ನು ಹೇಗೆ ಬೆಳೆಸಿರಬೇಕು ಅಂತ ಗಂಡಿನ ಅಪ್ಪನೇ ಹೇಳಿದನಂತೆ.

ರಮ್ಯಾ ಗಂಡನ ಮನೆಗೆ ಹೋದ ಮೇಲೆ ಬೀದಿ ಕಡೆಯ ಕೋಣೆ ಖಾಲಿ ಬಿತ್ತು. ಆ ಕೋಣೆಗೆ ಬಾಡಿಗೆಗೆ ಬಂದವಳು ಪ್ರತಿಮಾ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ, ಊರು ಮಾಗಡಿ ತಾಲ್ಲೂಕಿನ ಸೋಲೂರು. ಅವಳ ಸಾಮಾನಿನಲ್ಲಿ ಒಂದು ಹಾಸಿಗೆ, ಎರಡು ಪಾತ್ರೆ, ಊಟದ ತಟ್ಟೆಯಷ್ಟು ಅಗಲದ, ಎರಡು ಬೆರಳು ದಪ್ಪದ ಎರಡು ಗಾಜಿನ ಬಿಲ್ಲೆ.

"ಇದೇನ್ ಮೇಡಮ್ಮ, ಗಾಜಿನ ರೊಟ್ಟಿ?" ಅಂದಳು ಸರಸಮ್ಮ.

"ದುರ್ಬೀನು ಮಾಡ್ತೀನಿ ಅಮ್ಮ. ಇದನ್ನ ಉಜ್ಜಿ ಉಜ್ಜಿ ನಡುವೆ ಒಂಚೂರು ತಗ್ಗು ಮಾಡಬೇಕು. ಆಮೇಲೆ ಇದೇ ಕನ್ನಡಿ ಆಗುತ್ತೆ."

ಜಗಲಿಯಲ್ಲಿ ಒಂದು ಡ್ರಮ್ಮು ಬಂತು. ಡ್ರಮ್ಮಿನ ಮೇಲೆ ಒಂದು ಗಾಜು, ಅದರ ಮೇಲೆ ಇನ್ನೊಂದು, ನಡುವೆ ನೀರು ಮತ್ತು ಗಾಜು ಸವೆಸುವ ಕಪ್ಪು ಪುಡಿ. ಸ್ಕೂಲು ಮುಗಿಸಿ ಬಂದ ಪ್ರತಿಮಾ ಡ್ರಮ್ಮಿನ ಸುತ್ತ ಹೆಜ್ಜೆ ಹಾಕುತ್ತ ಗರಗರ ಉಜ್ಜುವಳು. ಮಾರಕ್ಕ ತನ್ನ ಜಗಲಿಯಿಂದಲೇ ಕೂಗುವಳು: "ಸರಸಕ್ಕ, ರಾಗಿ ಹಾಕ್ದೆ ಬೀಸ್ತಾವ್ಳಲ್ಲ ನಿಮ್ಮ ಮೇಡಮ್ಮ! ಯಾರಾರ ಒಂದು ಹಿಡಿ ಹಾಕ್ರವ್ವ!"

ಸರಸಮ್ಮ ಮಾತ್ರ ನಗಲಿಲ್ಲ. ತಿಂಗಳುಗಟ್ಟಲೆ ಒಂದೇ ಕೆಲಸವನ್ನು ಬೇಸರವಿಲ್ಲದೆ ಮಾಡುವವರನ್ನು ಕಂಡರೆ ಅವಳಿಗೆ ತನ್ನ ಜಾತಿಯವರೇ ಅನ್ನಿಸುತ್ತಿತ್ತು. ಸಂಜೆಯ ಸೊಪ್ಪು ಕೊಚ್ಚುವ ಮಣೆಯನ್ನು ಅವಳೂ ಜಗಲಿಗೇ ತಂದುಕೊಂಡಳು. ಒಬ್ಬಳು ಉಜ್ಜುವಳು, ಒಬ್ಬಳು ಕೊಚ್ಚುವಳು, ಇಬ್ಬರೂ ಮಾತಾಡುವರು.

ಒಂದು ಸಂಜೆ ಪ್ರತಿಮಾ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಕಪ್ಪು ಆಕಾಶದಲ್ಲಿ ನಡುವಿನಿಂದ ಸುತ್ತಿ ಸುತ್ತಿ ಹೊರಗೆ ಹರಡಿದ ಬೆಳಕು. ಸರಸಮ್ಮ ಕತ್ತಿ ಕೆಳಗಿಟ್ಟಳು.

"ಇದು ಚಂದ್ರಂಕಿ ಕಣವ್ವ!"

ಚಂದ್ರಂಕಿ ಅಂದರೆ ಬಿದಿರಿನ ದೊಡ್ಡ ತಟ್ಟಿ. ಅದರ ಮೇಲೆ ಬಿದಿರ ಪಟ್ಟಿಯನ್ನು ನಡುವಿನಿಂದ ಅಂಚಿನವರೆಗೆ ಸುತ್ತು ಸುತ್ತಾಗಿ ಹೆಣೆದಿರುತ್ತಾರೆ. ಹುಳು ತಿಂದು ತಿಂದು ಹಣ್ಣಾದ ಮೇಲೆ ಗೂಡು ಕಟ್ಟಲಿ ಅಂತ ಅದರ ಮೇಲೆ ಬಿಡುತ್ತಾರೆ.

"ಹಂಗೇ ಇದೆ ಅಲ್ವಾ? ಇದು ಗೆಲಾಕ್ಸಿ ಅಮ್ಮ. ಹುಳದ ಬದಲು ಇಲ್ಲಿ ನಕ್ಷತ್ರ, ಕೋಟಿಗಟ್ಟಲೆ. ನಮ್ಮ ಸೂರ್ಯ ಇರೋದೂ ಇಂಥದೇ ಒಂದರಲ್ಲಿ."

"ನಾವೂ ಚಂದ್ರಂಕಿ ಮ್ಯಾಲೇ ಇದ್ದೀವಾ?"

"ಹೂಂ."

"ಹಂಗಾರೆ ಹಣ್ಣಾಗಿದ್ದೀವಿ ಅಂತಾಯ್ತು."

ಪ್ರತಿಮಾ ನಕ್ಕು ನಕ್ಕು ಡ್ರಮ್ಮು ಹಿಡಿದುಕೊಂಡಳು. ಆಮೇಲೆ ಹೇಳಿದಳು: ಇಂಥ ಗೆಲಾಕ್ಸಿಗಳು ಲೆಕ್ಕವಿಲ್ಲದಷ್ಟಿವೆ. ದೂರ ಇರುವವೆಲ್ಲ ಒಂದಕ್ಕೊಂದು ಇನ್ನೂ ದೂರ ಆಗುತ್ತ ಇವೆ.

"ಅದ್ರಾಗೇನೈತೆ? ಹುಳ ಜ್ವರದಿಂದ ಎದ್ದಂಗೆಲ್ಲ ನಾವೂ ಅವನ್ನ ದೂರ ದೂರ ಹರಡ್ತೀವಿ. ಇಲ್ದಿದ್ರೆ ಒಂದ್ರ ಮ್ಯಾಲೊಂದು ಬಿದ್ದು ಸಾಯ್ತವೆ." ಹುಳು ಪೊರೆ ಬಿಡುವ ನಿದ್ದೆಗೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಜ್ವರ ಬಿಟ್ಟು ಎದ್ದ ಹುಳುವಿಗೆ ಜಾಗ ಜಾಸ್ತಿ ಬೇಕು.

"ಇಲ್ಲಿ ಯಾರೂ ಎತ್ತಿ ಹರಡೋದಿಲ್ಲ ಅಮ್ಮ. ಹುಳ ನಡೆಯೋದೂ ಇಲ್ಲ. ತಟ್ಟೆಯೇ ಹಿಗ್ತಾ ಹೋಗುತ್ತೆ ಅನ್ಕೊಳ್ಳಿ. ತಟ್ಟೆ ಹಿಗ್ಗಿದ ಹಂಗೆ ಅದರ ಮೇಲಿರೋವು ದೂರ ಆಗ್ತವೆ."

"ತಟ್ಟೆ ತಾನೇ ತಾನಾಗಿ ಹಿಗ್ತದಾ?" ಸರಸಮ್ಮ ಎದುರಿನ ಸೊಪ್ಪಿನ ರಾಶಿ ನೋಡಿದಳು. "ಅಷ್ಟಗಲಕ್ಕೆ ಸೊಪ್ಪು ಯಾರವ್ವ ಹಾಕ್ತಾರೆ?"

ಪ್ರತಿಮಾ ಫೋನಿನ ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿದಳು. ಇನ್ನೊಂದು ಮಾತೂ ಹೇಳಿದಳು. ಈ ಚಿತ್ರದಲ್ಲಿರುವ ಗೆಲಾಕ್ಸಿಯ ಹೆಸರು ದೇವಯಾನಿ. ಅದರಿಂದ ಹೊರಟ ಬೆಳಕು ನಮ್ಮನ್ನು ಮುಟ್ಟುವುದಕ್ಕೆ ಇಪ್ಪತ್ತೈದು ಲಕ್ಷ ವರ್ಷ ಬೇಕು. ಮನುಷ್ಯರ ಕಣ್ಣಿಗೆ ದುರ್ಬೀನಿಲ್ಲದೆ ಸುಲಭವಾಗಿ ಕಾಣುವುದರಲ್ಲಿ ಅದೇ ಎಲ್ಲಕ್ಕಿಂತ ದೂರದ್ದು. ದುರ್ಬೀನಿನಲ್ಲಂತೂ ಚೆನ್ನಾಗಿ ಕಾಣುತ್ತದೆ.

ಸರಸಮ್ಮನ ಮಟ್ಟಿಗೆ ದೂರ ಅಂದರೆ ಕಬ್ಬಾಳು. ವರ್ಷಕ್ಕೊಮ್ಮೆ ಕಬ್ಬಾಳಮ್ಮನಿಗೆ ಹಣ್ಣುಕಾಯಿ ಮಾಡಿಸಿಕೊಂಡು, ಸಂಜೆಯ ಸೊಪ್ಪು ಹಾಕುವ ಹೊತ್ತಿಗೆ ಓಡಿ ಬರುವವಳು. ಹುಳು ಇರುವಾಗ ಒಂದು ಹೊತ್ತಿನ ಮೇವನ್ನೂ ಬೇರೆಯವರ ಕೈಗೆ ಬಿಟ್ಟವಳಲ್ಲ. ಇಷ್ಟು ವರ್ಷದಲ್ಲಿ ಇಂಥದು ನೋಡಬೇಕು ಅಂತ ಯಾರನ್ನೂ ಕೇಳಿದವಳೂ ಅಲ್ಲ.

"ನಂಗೂ ಒಂದ್ಸಲ ತೋರ್ಸವ್ವ" ಅಂದಳು. "ಅಷ್ಟು ದೂರದ್ದು ನನ್ ಕಣ್ಣಿಗಂಟ ನಡ್ಕಂಡು ಬಂದದೆ ಅಂದ್ರೆ ನಾನು ನೋಡ್ದೆ ಹೋಗಾಕಾಯ್ತದಾ?"

"ನಿಮಗೇ ಮೊದಲು ತೋರಿಸ್ತೀನಿ" ಅಂತ ಪ್ರತಿಮಾ ಮಾತು ಕೊಟ್ಟಳು.

ಮಳೆಗಾಲ ಕಳೆಯುವ ಹೊತ್ತಿಗೆ ಗಾಜು ಸಿದ್ಧವಾಯಿತು. ಬೆಂಗಳೂರಿನಲ್ಲಿ ಒಬ್ಬರ ಹತ್ತಿರ ಅದಕ್ಕೆ ಬೆಳ್ಳಿಯಂಥ ಹೊಳಪು ಹೊಯ್ಸಿಕೊಂಡು ತಂದಳು. ಸರಸಮ್ಮ ಬಗ್ಗಿ ನೋಡಿದರೆ ಅವಳ ಮೂಗೇ ಬೆಟ್ಟದಷ್ಟು ಕಂಡಿತು. "ಅಯ್ಯೋ ನನ್ ಮೂಗುಬೊಟ್ಟು ನೋಡವ್ವ, ಬಂಡಿಚಕ್ರ!" ಅಂತ ಚಪ್ಪಾಳೆ ತಟ್ಟಿದಳು. ಕಾರ್ತಿಕದ ಅಮಾವಾಸ್ಯೆ ಕಳೆದ ಮಾರನೇ ಸಂಜೆ ಸ್ಕೂಲಿನ ಮೈದಾನದಲ್ಲಿ ಊರಿಗೆಲ್ಲ ದೇವಯಾನಿಯನ್ನು ತೋರಿಸುವುದು ಅಂತ ತೀರ್ಮಾನವಾಯಿತು. ಮಕ್ಕಳು ಮನೆಮನೆಗೆ ಹೇಳಿ ಬಂದರು.

ಅದಕ್ಕೆ ಒಂದು ವಾರ ಇರುವಾಗ ಪ್ರತಿಮಾ ಸೋಲೂರಿಗೆ, ಅಣ್ಣನ ಮನೆಯ ಗೃಹಪ್ರವೇಶಕ್ಕೆ ಹೊರಟಳು. ಅವಳ ಕೋಣೆಯ ಹಂಚು ಸರಿಮಾಡುವುದಕ್ಕೆ ಆಳು ಬರುವವರಿದ್ದರು.

"ಅಮ್ಮ, ಕೋಣೇಲಿ ಧೂಳು ಬೀಳುತ್ತೆ. ಕನ್ನಡಿ ಪೆಟ್ಟಿಗೆನ ಹುಳುಮನೇಲಿ ಇಡಲಾ? ಊರಲ್ಲಿ ಅಷ್ಟು ಚೊಕ್ಕಟವಾದ ಜಾಗ ಇನ್ನೊಂದಿಲ್ಲ."

"ಇಡವ್ವ. ಹುಳ ಬರೋದು ನಾಳಿದ್ದಲ್ವಾ" ಅಂದಳು ಸರಸಮ್ಮ. ಆ ಮೆಚ್ಚುಗೆ ಅವಳಿಗೆ ಕಾಫಿಗಿಂತ ಸಿಹಿಯಾಗಿತ್ತು.

ಮಾರನೇ ದಿನ ಹುಳುಮನೆ ತೊಳೆಯುವ ದಿನ. ಸಾಮಾನೆಲ್ಲ ಅಂಗಳಕ್ಕೆ ಬಂತು. ಸಾಮಾನಿನ ಜೊತೆ ಪೆಟ್ಟಿಗೆಯೂ ಬಂತು. ತೊಳೆಯದ ಕಡ್ಡಿ ಒಳಗೆ ಹೋಗಬಾರದು ಅಂದ ಮೇಲೆ ಪೆಟ್ಟಿಗೆ ಹೇಗೆ ಹೋದೀತು? ಪೆಟ್ಟಿಗೆ ಒರೆಸಿ ಮುಚ್ಚಳ ತೆಗೆದರೆ, ಕನ್ನಡಿಯ ಮೇಲೆ ಒಂದು ಬೆರಳಿನ ಗುರುತು. ಅದು ಮೂಗುಬೊಟ್ಟು ನೋಡುವಾಗ ಊರಿದ ಅವಳದೇ ಬೆರಳು.

'ಊರಿಗೆಲ್ಲ ತೋರ್ಸೋ ಸಾಮಾನು, ಪಾಪ ಮೇಡಮ್ಮಂಗೆ ಮರ್ಯಾದೆ ಹೋಯ್ತದೆ' ಅಂದುಕೊಂಡಳು. ಗೋಡೆಯ ಕನ್ನಡಿಯನ್ನು ಅವಳು ಹಬ್ಬಹಬ್ಬಕ್ಕೂ ತೊಳೆದಿದ್ದಾಳೆ. ಅದಕ್ಕೇನೂ ಆಗಿಲ್ಲ. ಮೇಲೆ ಗಾಜು ತಾನೆ? ಎತ್ತಿ, ಎರಡೂ ಕೈಯಲ್ಲಿ ಮಗುವನ್ನು ಹಿಡಿದಂತೆ ಹಿಡಿದು, ಬ್ಲೀಚಿಂಗ್ ಪುಡಿ ಸುಣ್ಣದ ನೀರಿನಲ್ಲಿ ಮಲಗಿಸಿದಳು. ಮೆತ್ತಗೆ ಉಜ್ಜಿದಳು. ಸ್ವಲ್ಪ ನೆನೆಯಲಿ ಅಂತ ಬಿಟ್ಟು ಚಂದ್ರಂಕಿಗಳ ಕಡೆ ಹೋದಳು.

ಗೋಡೆಯ ಕನ್ನಡಿಗೆ ಹೊಳಪು ಇರುವುದು ಗಾಜಿನ ಬೆನ್ನಿಗೆ. ದುರ್ಬೀನಿನ ಕನ್ನಡಿಗೆ ಇರುವುದು ಮುಖಕ್ಕೆ, ಗಾಳಿಗೆ ಒಡ್ಡಿಕೊಂಡು, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ. ಇದನ್ನು ಸರಸಮ್ಮನಿಗೆ ಯಾರೂ ಹೇಳಿರಲಿಲ್ಲ.

ವಾಪಸು ಬಂದು ನೀರಿನಿಂದ ಎತ್ತಿದಾಗ ಅವಳ ಮುಖ ಕಾಣಲಿಲ್ಲ. ಗಾಜಿನ ಆಚೆ ಅವಳ ಕಾಲು, ಅಂಗಳದ ಕಲ್ಲು, ಒಂದು ಕೋಳಿ ಕಂಡವು.

"ಏನೂಂದ್ರೆ! ಬೇಗ ಬನ್ನಿ!" ಅಂತ ಗಂಡನನ್ನು ಕೂಗಿದಳು. ಅನಂತರಾಜು ಬಂದು, ಗಾಜಿನ ಮೂಲಕ ಹೆಂಡತಿಯನ್ನು ನೋಡಿ, "ಕನ್ನಡಿ ಎಲ್ಲೇ?" ಅಂದ.

"ತೊಳ್ದೆ."

"ತೊಳ್ದ್ಯೋ? ತಿಂದ್ಯೋ?"

ಸರಸಮ್ಮ ಅಂಗಳದಲ್ಲೇ ಕುಕ್ಕರುಬಡಿದು ಕೂತಳು. ಆ ದಿನ ಮನೆಯಲ್ಲಿ ಒಲೆ ಹಚ್ಚಿದ್ದು ಅನಂತರಾಜು.

ಪ್ರತಿಮಾ ಊರಿನಿಂದ ಒಬ್ಬಟ್ಟಿನ ಡಬ್ಬಿ ಹಿಡಿದುಕೊಂಡು ಬಂದಳು. ಸರಸಮ್ಮ ಏನೂ ಮುಚ್ಚಿಡದೆ, ನಿಂತ ಕಾಲ ಮೇಲೆ ಎಲ್ಲ ಹೇಳಿದಳು. ಪ್ರತಿಮಾ ಗಾಜನ್ನು ಬೆಳಕಿಗೆ ಹಿಡಿದಳು, ತಿರುಗಿಸಿದಳು. ಕಣ್ಣಲ್ಲಿ ನೀರು ಬಂದದ್ದು ನಿಜ. ಆಮೇಲೆ ನಗುವೂ ಬಂತು.

"ಒಂದು ಕಲೆ ಉಳಿಸಿಲ್ಲ ಅಮ್ಮ. ಇಷ್ಟು ನೀಟಾಗಿ ಬಿಡಿಸಬೇಕಂದ್ರೆ ನಮಗೂ ಆಗಲ್ಲ."

"ನಗ್ಬೇಡ ಕಣವ್ವ, ಬೈಯಿ."

"ಗಾಜಿನ ತಗ್ಗು ಹಂಗೇ ಇದೆ. ನಾನು ಉಜ್ಜಿದ್ದು ಎಲ್ಲೂ ಹೋಗಿಲ್ಲ. ಹೋಗಿರೋದು ಮೇಲಿನ ಹೊಳಪು. ಮತ್ತೆ ಹೊಯ್ಸಬಹುದು. ಆದರೆ ಬೆಂಗಳೂರಿನವರಿಗೆ ಕೆಲಸ ಜಾಸ್ತಿ, ಸಂಕ್ರಾಂತಿ ಹೊತ್ತಿಗೆ ಕೊಟ್ಟಾರು." ಪ್ರತಿಮಾ ಗಾಜನ್ನು ಪೆಟ್ಟಿಗೆಯಲ್ಲಿಟ್ಟಳು. "ಬರೋ ವಾರದ್ದೇ ಕಷ್ಟ. ಊರಿಗೆಲ್ಲ ಹೇಳಿಬಿಟ್ಟಿದ್ದೀವಿ."

"ದುರ್ಬೀನಿಲ್ದೆ ಕಾಣ್ತದೆ ಅಂದಿದ್ದಲ್ಲ?"

"ಕಾಣುತ್ತೆ, ಪೂರ್ತಿ ಕತ್ತಲಿದ್ರೆ. ನಮ್ಮ ಊರಲ್ಲಿ ಕತ್ತಲೆಲ್ಲಿದೆ?"

ಅದೂ ಸರಿಯೇ. ದೇವಸ್ಥಾನದ ಮುಂದೆ ಊರಿನವರು ಚಂದಾ ಎತ್ತಿ ಹೈಮಾಸ್ಟ್ ದೀಪ ಹಾಕಿಸಿದ್ದರು. ತೆಂಗಿನ ಮರಕ್ಕಿಂತ ಎತ್ತರದ ಕಂಬ. ಅದರ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸಬಹುದಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಇಂಥದಿಲ್ಲ ಅಂತ ಊರಿಗೆ ಹೆಮ್ಮೆ.

"ನನ್ ಕೈಯಲ್ಲಿ ಹಾಳಾದದ್ದು, ನಾನೇ ಸರಿ ಮಾಡ್ಬೇಕು. ಕತ್ಲೆ ತಾನೇ? ತತ್ತೀನಿ ಇರು" ಅಂದಳು ಸರಸಮ್ಮ.

ಮೊದಲು ಹೋದದ್ದು ಮಾರಕ್ಕನ ಮನೆಗೆ.

"ಅರ್ಧ ಗಂಟೆ ದೀಪ ಆರ್ಸಬೇಕು ಕಣೆ, ಊರಿಗೂರೇ."

"ಕಾರ್ತಿಕ ಇನ್ನೂ ಮುಗ್ದಿಲ್ಲ, ದೀಪ ಆರ್ಸು ಅಂತಾಳಲ್ಲ! ಲಕ್ಷ್ಮಿ ಬರೋ ಹೊತ್ತಲ್ಲಿ ಮನೆ ಕತ್ಲೆ ಮಾಡ್ಕಳಾಕೆ ನಮ್ಮನೇಲೇನು ಸೂತಕ ಆಗೈತಾ?"

"ಲಕ್ಷ್ಮಿ ಬರೋದು ಯಾವಾಗ? ಮುಸ್ಸಂಜೇಲಿ. ಆಗ ಹಚ್ಚು, ನಾನೇನ್ ಬ್ಯಾಡ ಅಂದ್ನಾ? ಅವ್ಳು ಒಳಕ್ಕೆ ಬಂದು ಕೂತ ಮ್ಯಾಲೆ, ಏಳೂವರೆಗೆ ಬಾಗ್ಲು ಹಾಕ್ಕಂಡು ದೀಪ ಆರ್ಸು. ಕತ್ಲೇಲಿ ದಾರಿ ಕಾಣ್ದೆ ಅವ್ಳು ಅಲ್ಲೇ ಉಳ್ಕಂತಾಳೆ. ಲಾಭವೋ ನಷ್ಟವೋ ನೀನೇ ಹೇಳು."

ಮಧ್ಯಾಹ್ನದ ಹೊತ್ತಿಗೆ ಇದೇ ವಾದವನ್ನು ಮಾರಕ್ಕನೇ ಬೀದಿಯ ಆ ತುದಿಯ ಮನೆಗಳಿಗೆ ತನ್ನದೆಂಬಂತೆ ಹೇಳುತ್ತಿದ್ದಳು. ಊರಿನ ನೀರು ಬಿಡುವ, ಬೀದಿದೀಪ ಹಾಕುವ ನೀರುಗಂಟಿ ಲಕ್ಷ್ಮಯ್ಯ ಮಾತ್ರ ತಲೆ ಕೆರೆದುಕೊಂಡ. "ಹೈಮಾಸ್ಟ್‌ದು ಸ್ವಿಚ್ ಐತೆ, ಆರಿಸ್ತೀನಿ ಸರಸಕ್ಕ. ಊರೋರು ಬಯ್ದ್ರೆ ನೀನೇ ಮುಂದೆ ನಿಂತ್ಕಬೇಕು."

"ನಿಂತ್ಕತೀನಿ ಬುಡು."

ಆ ಸಂಜೆ ಬಂತು. ಮೈದಾನದ ತುಂಬ ಚಾಪೆ, ಗೋಣಿಚೀಲ, ಮಕ್ಕಳು, ಕಡಲೆಕಾಯಿ. ಏಳೂವರೆಗೆ ದೀಪಗಳು ಒಂದೊಂದಾಗಿ ಹೋದವು, ಕೊನೆಗೆ ಹೈಮಾಸ್ಟ್ ಹೋಯಿತು. ಊರು ಒಮ್ಮೆಗೇ "ಓ" ಅಂದಿತು. ಎಷ್ಟೋ ಮಕ್ಕಳು ತಮ್ಮ ಊರಿನ ಮೇಲೆ ಇಷ್ಟು ನಕ್ಷತ್ರಗಳಿವೆ ಅಂತ ಮೊದಲ ಸಲ ನೋಡಿದರು.

"ಫೋನ್ ತೆಗೀಬೇಡಿ, ಬೀಡಿ ಹಚ್ಚಬೇಡಿ" ಅಂತ ಪ್ರತಿಮಾ ಕೂಗಿದಳು. "ಇಪ್ಪತ್ತು ನಿಮಿಷ ಕತ್ತಲಲ್ಲಿ ಸುಮ್ಮನೆ ಕೂತ್ಕೊಂಡ್ರೆ ಕಣ್ಣು ಪಳಗುತ್ತೆ. ಆಮೇಲೆ ತೋರಿಸ್ತೀನಿ."

ಸರಸಮ್ಮ ಆ ಇಪ್ಪತ್ತು ನಿಮಿಷ ಅಲ್ಲಿರಲಿಲ್ಲ. ಹೊಸ ಹುಳು ಆಗತಾನೇ ಜ್ವರದಿಂದ ಎದ್ದಿತ್ತು. ಎದ್ದ ಹುಳುವಿನ ಮೊದಲ ಮೇವು ತಪ್ಪಿಸುವ ಹಾಗಿಲ್ಲ. ಹುಳುಮನೆಯ ಕಿಟಕಿಗೆ ಗೋಣಿ ಕಟ್ಟಿ, ಒಳಗೆ ಬಲ್ಬಿನ ಬೆಳಕಿನಲ್ಲಿ ಸೊಪ್ಪು ಹಾಕಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಮೈದಾನಕ್ಕೆ ಓಡಿ ಬಂದಳು. ಅಷ್ಟು ಹೊತ್ತಿಗೆ ಎಲ್ಲ ಕಡೆಯಿಂದ "ಅಗೋ, ಅಗೋ", "ಕಂಡ್ತು ಕಣ್ಲಾ", "ಯಾವ್ದ್ಲಾ, ಆ ಮಸುಕು ಮಸುಕು ಐತಲ್ಲ ಅದಾ?" ಅನ್ನುವ ಮಾತು. ಬಲ್ಬಿನ ಕೆಳಗಿಂದ ಬಂದ ಅವಳ ಕಣ್ಣಿಗೆ ಪಕ್ಕದಲ್ಲಿ ಕೂತವರೂ ಕಾಣಲಿಲ್ಲ. "ಒಸಿ ಹೊತ್ತು ಕೂತ್ಕೊಳ್ಳಿ ಅಮ್ಮ, ಕಣ್ಣು ಹೊಂದಿಕೊಳ್ಳಲಿ" ಅಂತ ಪ್ರತಿಮಾ ಕೈ ಹಿಡಿದು ಕೂರಿಸಿದಳು.

ಕೂತು, ತಲೆ ಎತ್ತಿ, ಕತ್ತಲು ಸ್ವಲ್ಪ ಸ್ವಲ್ಪ ಬಿಡಿಸಿಕೊಳ್ಳುತ್ತಿದೆ ಅನ್ನುವಾಗ ಫಕ್ಕನೆ ಹೈಮಾಸ್ಟ್ ಹತ್ತಿಕೊಂಡಿತು.

"ಲಕ್ಷ್ಮಯ್ಯಾ!" ಅಂತ ಹತ್ತು ಜನ ಕೂಗಿದರು.

"ನಾನಲ್ಲ ಕಣ್ರಪ್ಪಾ! ಅದ್ರೊಳಗೆ ಟೈಮರ್ ಐತಂತೆ, ಅದೇ ಹತ್ಕಂಡೈತೆ!" ಅಂತ ಲಕ್ಷ್ಮಯ್ಯ ಕಂಬದ ಬುಡದಿಂದ ಅರಚಿದ.

ಅಷ್ಟರಲ್ಲಿ ಜನ ಎದ್ದು ಚಾಪೆ ಕೊಡವುತ್ತಿದ್ದರು. ಎಲ್ಲರೂ ನೋಡಿ ಆಗಿತ್ತು, ಎಲ್ಲರಿಗೂ ಖುಷಿ. ಕತ್ತಲಲ್ಲಿ ಒಬ್ಬನ ಬೈಕು ಚರಂಡಿಗೆ ಇಳಿದಿತ್ತು, ಮಾರಕ್ಕನ ಮನೆಯ ಹಾಲನ್ನು ಬೆಕ್ಕು ಕುಡಿದಿತ್ತು. ಇನ್ನೊಂದು ದಿನ ದೀಪ ಆರಿಸಿ ಅಂದರೆ ಕೇಳುವ ಹಾಗಿರಲಿಲ್ಲ. "ಸರಸಕ್ಕ, ನೀನು ನೋಡ್ದ್ಯಾ?" ಅಂತ ಮಾರಕ್ಕ ಕೇಳಿದಳು. ಸರಸಮ್ಮ "ಹೂಂ ಕಣೆ" ಅಂದುಬಿಟ್ಟಳು. ಆದರೆ ಮನೆಗೆ ಬಂದು ಜಗಲಿಯಲ್ಲಿ ಪ್ರತಿಮಾಳ ಪಕ್ಕ ಕೂತಾಗ ಸುಳ್ಳು ಗಂಟಲಿನಲ್ಲಿ ನಿಲ್ಲಲಿಲ್ಲ.

"ನಂಗೆ ಕಾಣ್ನಿಲ್ಲ ಮೇಡಮ್ಮ."

"ನನಗೆ ಗೊತ್ತಿತ್ತು ಅಮ್ಮ" ಅಂದಳು ಪ್ರತಿಮಾ. "ನಾಳೆ ನಿಮ್ಮ ತೋಟಕ್ಕೆ ಹೋಗೋಣ. ಅಲ್ಲಿ ಯಾವ ದೀಪನೂ ಇಲ್ಲ. ಮೊದಲು ಅಲ್ಲಿಗೇ ಹೋಗಬೇಕಿತ್ತು, ಊರೆಲ್ಲ ಅಷ್ಟು ದೂರ ಬರಲ್ಲ ಅಂತ ಮೈದಾನದಲ್ಲಿ ಮಾಡಿದ್ದು. ಇನ್ನೆರಡು ದಿನ ಬಿಟ್ರೆ ಚಂದ್ರ ಬಲೀತಾನೆ."

"ಸಂಜೆ ಮೇವು?"

ಬಾಗಿಲಲ್ಲಿ ನಿಂತಿದ್ದ ಅನಂತರಾಜು ಕೆಮ್ಮಿದ. "ನಾನು ಹಾಕ್ತೀನಿ."

"ನೀವಾ? ಕಾಂಡ ಒತ್ತೊತ್ತಾಗಿ ಹಾಕ್ಬುಡ್ತೀರಿ. ಒದ್ದೆ ಸೊಪ್ಪು ಆರ್ಸಲ್ಲ."

"ಮೂವತ್ತು ವರ್ಷದಿಂದ ಬಾಗ್ಲಲ್ಲಿ ನಿಂತು ನಿನ್ನೇ ನೋಡ್ತಾ ಇವ್ನಿ ಕಣೆ. ಒಂದೊತ್ತು ಹಾಕಾಕೆ ಬರಕ್ಕಿಲ್ವಾ? ಹುಳ ನನ್ನೂ ಹೆಸರು ಹಿಡಿದು ಕರೀತವೆ."

ಸರಸಮ್ಮ ಗಂಡನನ್ನು ನೋಡಿದಳು. ಹುಳುಮನೆಯ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಅವನ ಕೈಗೆ ಕೊಟ್ಟದ್ದು ಮದುವೆಯಾದಾಗಿನಿಂದ ಅದೇ ಮೊದಲು. ಕೊಟ್ಟ ಮೇಲೂ "ಕಾಲು ಅದ್ದಿ ಹೋಗಿ" ಅಂತ ಮೂರು ಸಲ ಹೇಳಿದಳು.

ಮಾರನೇ ಸಂಜೆ ಬೆಳಕಿರುವಾಗಲೇ ಇಬ್ಬರೂ ಹಿಪ್ಪುನೇರಳೆ ತೋಟಕ್ಕೆ ಹೋಗಿ ಪಂಪ್‌ಸೆಟ್ಟಿನ ಮನೆಯ ಮುಂದೆ ತೊಟ್ಟಿಯ ಕಟ್ಟೆಗೆ ಒರಗಿ ಕೂತರು. ಕತ್ತಲು ನೆಲದಿಂದ ಎದ್ದು ಬಂದಂತೆ ಸಾಲು ಸಾಲು ಗಿಡಗಳನ್ನು ಮುಳುಗಿಸಿತು. ಸರಸಮ್ಮನ ಜೀವ ಅರ್ಧ ಹುಳುಮನೆಯಲ್ಲೇ ಇತ್ತು. "ಈಗ ಸೊಪ್ಪು ಹಾಕ್ತಾವ್ರೇನೋ. ನೀರು ಬಿದ್ದಿದ್ರೆ?" ಅನ್ನುವಳು. "ಸುಮ್ಮನಿರಿ ಅಮ್ಮ" ಅನ್ನುವಳು ಪ್ರತಿಮಾ.

ಕಣ್ಣು ಪಳಗಿದ ಮೇಲೆ ಪ್ರತಿಮಾ ದಾರಿ ತೋರಿಸಿದಳು. ನೆತ್ತಿಯ ಹತ್ತಿರ ನಾಲ್ಕು ಕಾಲಿನ ಮಂಚದ ಹಾಗೆ ನಾಲ್ಕು ನಕ್ಷತ್ರ. ಅದರ ಒಂದು ಕಾಲಿನಿಂದ ಬಡಗಲ ಕಡೆಗೆ ಸಾಲಾಗಿ ಎರಡು. ಎರಡನೆಯದರಿಂದ ಪಕ್ಕಕ್ಕೆ ತಿರುಗಿ ಇನ್ನೆರಡು, ಸಣ್ಣವು. ಅಲ್ಲೇ.

"ಇಲ್ಲವ್ವ, ನೋಡಿದ್ರೆ ಮಾಯ ಆಯ್ತದೆ."

"ನೆಟ್ಟಗೆ ನೋಡಬೇಡಿ. ಅದರ ಪಕ್ಕದಲ್ಲಿ ನೋಡಿ, ಓರೆಗಣ್ಣಲ್ಲಿ. ಆಗ ಕಾಣುತ್ತೆ."

"ಓಹೋ, ಹಂಗೋ!" ಸರಸಮ್ಮ ಕತ್ತಲಲ್ಲಿ ನಕ್ಕಳು. "ಮದ್ವೆ ದಿವ್ಸ ಇವ್ರನ್ನ ನೋಡಿದ್ದೂ ಹಂಗೇಯ."

ಆಮೇಲೆ ಅವಳ ನಗು ನಿಂತಿತು.

"ಅಂಗೈಲಿರೋ ಸುಣ್ಣದ ಪುಡಿ ಊದಿದಂಗೈತೆ" ಅಂದಳು ಸರಸಮ್ಮ, ಪಿಸುದನಿಯಲ್ಲಿ. "ಇದೇನಾ? ಅಷ್ಟು ನಕ್ಷತ್ರ ಇರೋದು ಇದ್ರಾಗೇನಾ?"

"ಅದೇ. ಈ ಬೆಳಕು ಅಲ್ಲಿಂದ ಹೊರಟಾಗ ಭೂಮಿ ಮೇಲೆ ನಮ್ಮಂಥ ಮನುಷ್ಯರೇ ಇರಲಿಲ್ಲ."

"ಹುಳ ಇದ್ವಾ?"

"ರೇಷ್ಮೆ ಹುಳದ ತಾತ ಮುತ್ತಾತ ಯಾರೋ ಇದ್ದಿರಬಹುದು."

"ಹಂಗಾರೆ ಸರಿ" ಅಂದಳು ಸರಸಮ್ಮ, ಲೆಕ್ಕ ತಾಳೆಯಾದವಳ ಹಾಗೆ. "ಇದೂ ದೂರ ಹೋಯ್ತಾ ಐತಾ, ತಟ್ಟೆ ಹಿಗ್ಗಿದಂಗೆ?"

"ಇಲ್ಲ ಅಮ್ಮ, ಇದು ನಮ್ಮ ಕಡೆಗೇ ಬರ್ತಾ ಇದೆ. ತೂಕ ಇರೋದು ತೂಕ ಇರೋದನ್ನ ಎಳೆಯುತ್ತೆ, ಅದಕ್ಕೆ ಗುರುತ್ವ ಅಂತಾರೆ. ತೆಂಗಿನಕಾಯಿ ಕೆಳಕ್ಕೆ ಬೀಳೋದೂ ಅದರಿಂದಲೇ. ಬಹಳ ದೂರದವನ್ನ ಹಿಗ್ಗೋ ತಟ್ಟೆ ಗೆದ್ದು ಒಯ್ದುಬಿಡುತ್ತೆ. ಹತ್ತಿರದವು ಒಂದನ್ನೊಂದು ಬಿಟ್ಟುಕೊಡಲ್ಲ."

"ಬರೋದು ಯಾವಾಗ?"

"ಇನ್ನೂ ಕೋಟಿಗಟ್ಟಲೆ ವರ್ಷ. ಬರದೇ ಪಕ್ಕದಲ್ಲೇ ಹಾದು ಹೋದ್ರೂ ಹೋಗಬಹುದು ಅಂತಾರೆ ಈಗ."

"ಬರ್ಲಿ ಬುಡು, ಅವಸರ ಏನಿಲ್ಲ" ಅಂತ ಸರಸಮ್ಮ ಕಾಲು ಚಾಚಿ ಸರಿಯಾಗಿ ಒರಗಿಕೊಂಡಳು. ಹುಳುವಿನ ಮಾತನ್ನು ಆಮೇಲೆ ಒಂದು ಸಲವೂ ಎತ್ತಲಿಲ್ಲ.

ಮನೆಗೆ ಬಂದರೆ ಅನಂತರಾಜು ಬಾಗಿಲಲ್ಲೇ ನಿಂತಿದ್ದ. ಸೊಪ್ಪು ಅಚ್ಚುಕಟ್ಟಾಗಿ ಬಿದ್ದಿತ್ತು, ಹುಳು ಮಳೆ ಸುರಿದ ಸದ್ದು ಮಾಡಿಕೊಂಡು ತಿನ್ನುತ್ತಿತ್ತು. "ಕಂಡ್ತಾ?" ಅಂದ. "ಕಂಡ್ತು" ಅಂದಳು. ಈ ಸಲ ಸುಳ್ಳಿರಲಿಲ್ಲ. ಆದರೆ ಒಳಗೆ ಕಾಲಿಡುವ ಮುಂಚೆ ಬೀದಿಯಲ್ಲಿ ನಿಂತು ಇನ್ನೊಂದು ಸಲ ತಲೆ ಎತ್ತಿದಳು. ಹೈಮಾಸ್ಟ್ ಬೆಳಕಿನಲ್ಲಿ ಮೇಲೆ ಏನೂ ಇರಲಿಲ್ಲ, ಬರೀ ಬೂದಿ ಬಣ್ಣ. ಮರುದಿನವೂ ನೋಡಿದಳು, ಅದರ ಮರುದಿನವೂ. ಹೊಟ್ಟೆ ತುಂಬ ಉಂಡವಳಿಗೆ ಮತ್ತೆ ಹಸಿವಾದ ಹಾಗೆ ಆಯಿತು.

ಮನೆಯಲ್ಲಿ ಒಂದು ಹಳೆಯ ಜಗಳವಿತ್ತು. ತೋಟದಲ್ಲೇ ಮನೆಯ ಜೊತೆಗೆ ದೊಡ್ಡ ಹುಳುಮನೆ ಕಟ್ಟೋಣ, ಸೊಪ್ಪು ಹೊರುವುದು ತಪ್ಪುತ್ತದೆ ಅಂತ ಅನಂತರಾಜು ಹೇಳುತ್ತ ಬಂದಿದ್ದ. ಜನವಿಲ್ಲ, ದೀಪವಿಲ್ಲ, ಆ ಕಾಡಿನಲ್ಲಿ ಯಾರು ಇರುತ್ತಾರೆ ಅಂತ ಸರಸಮ್ಮ ತಳ್ಳಿಹಾಕುತ್ತ ಬಂದಿದ್ದಳು. ಆ ಬೆಳೆಯ ಗೂಡು ಬಿಡಿಸುವಾಗ ಅವಳೇ ಮಾತು ತೆಗೆದಳು.

"ತೋಟದಲ್ಲೇ ಕಟ್ಟಣ."

ಅನಂತರಾಜುವಿನ ಕೈಯಲ್ಲಿದ್ದ ಗೂಡು ಬುಟ್ಟಿಯ ಹೊರಗೆ ಬಿತ್ತು. ಈಗ ಅವನೇ ಹೆದರಿದ. "ಅಲ್ಲಿ ದೀಪ ಇಲ್ಲ ಕಣೆ."

"ಅದ್ಕೇ."

"ಕಬ್ಬಾಳು ಕಾಡಿಂದ ಆನೆ ಬತ್ತವೆ. ಹೋದ್ವರ್ಷ ಬಾಳೆ ತುಳ್ದಿದ್ದು ಮರ್ತ್ಯಾ?"

"ಬರ್ಲಿ. ಬಂದ್ರೆ ಅವುಕ್ಕೂ ತಟ್ಟೇಲಿ ಕಾಲು ಅದ್ದಿಸ್ತೀನಿ."

ಅದಾಗಿ ಒಂದು ವರ್ಷಕ್ಕೆ ತೋಟದ ಮನೆ ಎದ್ದು ನಿಂತಿತು. ಅಂಗಳದ ದೀಪಕ್ಕೆ ಮೇಲೆ ಮುಚ್ಚಳ ಹಾಕಿಸಿದಳು, ಬೆಳಕು ಕಾಲಿಗೆ ಬಿದ್ದರೆ ಸಾಕು, ಆಕಾಶಕ್ಕೆ ಬೇಡ ಅಂತ. ಸಂಕ್ರಾಂತಿಗೆ ಹೊಳಪು ಹೊಯ್ಸಿಕೊಂಡು ಬಂದ ಪ್ರತಿಮಾಳ ದುರ್ಬೀನಿಗೆ ಅಂಗಳದ ನಡುವೆ ಒಂದು ಕಟ್ಟೆ ಕಟ್ಟಿಸಿದಳು. ಶನಿವಾರ ಸಂಜೆ ಸ್ಕೂಲಿನ ಮಕ್ಕಳನ್ನು ಅಲ್ಲಿಗೆ ಕಳಿಸಿ ಅಂತ ತಾಯಂದಿರಿಗೆ ಹೇಳಿಯೂ ಆಯಿತು. ಹಳೇ ಮನೆಯನ್ನು ಪ್ರತಿಮಾಳಿಗೇ ಪೂರ್ತಿ ಬಿಟ್ಟುಕೊಟ್ಟರು. ಅವಳ ಅಮ್ಮ ಸೋಲೂರಿನಿಂದ ಬಂದು ಜೊತೆಗಿರುವವರಿದ್ದರು.

ಹೊರಡುವ ದಿನ ಸಾಮಾನೆಲ್ಲ ಲಗೇಜ್ ಆಟೋದಲ್ಲಿ ಮುಂದೆ ಹೋಗಿತ್ತು. ಅನಂತರಾಜುವೂ ಅದರ ಜೊತೆಗೇ ಹೋಗಿದ್ದ. ದೇವರ ಮುಂದಿನ ದೀಪವನ್ನು ಮಾತ್ರ ಉರಿಯುವ ಹಾಗೆಯೇ ಕೈಯಲ್ಲಿ ಹಿಡಿದು ನಡೆದು ಒಯ್ಯಬೇಕು, ಅದು ಅವರ ಮನೆತನದ ಪದ್ಧತಿ. ಸೂರ್ಯ ಆಗತಾನೇ ಇಳಿದಿದ್ದ. ಸರಸಮ್ಮ ನಡುಮನೆ, ಅಡುಗೆಮನೆ, ಖಾಲಿ ಹುಳುಮನೆ ಒಂದು ಸುತ್ತು ಬಂದಳು. ಗೋಡೆಗೆ ಕೈ ಇಟ್ಟಳು, ತೆಗೆದಳು. ಜಗಲಿಯಲ್ಲಿ ಪ್ರತಿಮಾ ನಿಂತಿದ್ದಳು. ಎದುರಿನಿಂದ ಮಾರಕ್ಕ ಬಂದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ಒರೆಸಿಕೊಂಡದ್ದು ಗೊತ್ತಾಗಬಾರದು ಅಂತ ಬಾಯಿ ಜೋರು ಮಾಡಿದಳು.

"ಎಲ್ಲಾರೂ ಕತ್ಲಿಂದ ಬೆಳಕಿಗೆ ಬತ್ತಾರೆ. ನೀನು ಬೆಳಕು ಬುಟ್ಟು ಕತ್ಲೆಗೆ ಹೊಂಟಿದ್ದೀಯಲ್ಲೇ ಸರಸಕ್ಕ!"

"ನೀನೂ ಬಾರೆ. ಅಲ್ಲಿ ಬೇಕಾದಷ್ಟೈತೆ, ಒಸಿ ನಿಂಗೂ ಕೊಡ್ತೀನಿ."

ಹೈಮಾಸ್ಟ್ ಹತ್ತಿಕೊಂಡಿತು. ಬೀದಿ ಬೆಳ್ಳಗಾಯಿತು. ಸರಸಮ್ಮ ದೀಪ ಕೈಗೆತ್ತಿಕೊಂಡು, ಗಾಳಿಗೆ ಅಂಗೈ ಅಡ್ಡ ಹಿಡಿದು, ಹೊಸ್ತಿಲಿಗೆ ಒಮ್ಮೆ ಬಗ್ಗಿ ನಮಸ್ಕಾರ ಮಾಡಿ, ಮೆಟ್ಟಿಲು ಇಳಿದು, ತೋಟದ ದಾರಿ ಹಿಡಿದಳು.